ಜಗಲಿ ಮೇಲೆ ಬರೆದುಕೊಳ್ಳುವ ಅಂಕಿ

ನಮ್ಮ ಉತ್ತರ ಕನ್ನಡದಲ್ಲಿ, ಕಾರವಾರದ ಬೈತಖೋಲ ಬಂದರಿನ ಆಸುಪಾಸಿನಲ್ಲೋ ಹೊನ್ನಾವರದ ಕಾಸರಕೋಡಿನಲ್ಲೋ ಬೆಳಿಗ್ಗೆ 11 ಗಂಟೆಗೆ ಬಿಪಿ ಸಮೀಕ್ಷೆಗೆ ಹೋದರೆ ಮನೆಯಲ್ಲಿ ಸಿಗುವವರು ಯಾರು? ಗಂಡಸರು ಬೋಟಿನಲ್ಲಿ. ಹೆಂಗಸರು ಮೀನಿನ ಬುಟ್ಟಿ ಹೊತ್ತು ಪೇಟೆಗೆ. ಉಳಿದವರು ಅಜ್ಜ, ಅಜ್ಜಿ, ಬಾಣಂತಿ, ಮಕ್ಕಳು. ಇದ್ದವರ ಬಿಪಿಯನ್ನೇ ನೋಡಿ ಬಂದು 'ಮೀನುಗಾರ ಸಮುದಾಯದಲ್ಲಿ ರಕ್ತದೊತ್ತಡ' ಎಂದು ತಲೆಬರಹ ಹಾಕಿದರೆ, ಬರೆದದ್ದು ಮೀನುಗಾರರ ಅಪ್ಪ ಅಮ್ಮಂದಿರ ಬಗ್ಗೆ. ಆಮೇಲೆ ಎಷ್ಟೇ ದೊಡ್ಡ ಲೆಕ್ಕಶಾಸ್ತ್ರ ಹಚ್ಚಿದರೂ ಈ ತಪ್ಪು ತೊಳೆದು ಹೋಗುವುದಿಲ್ಲ.

ನರ್ಸಿಂಗ್ ಸಂಶೋಧನೆ ಎಂದಾಗ ವಿದ್ಯಾರ್ಥಿಗಳು ಹೆದರುವುದು ಸಂಖ್ಯಾಶಾಸ್ತ್ರಕ್ಕೆ. ಅದನ್ನು ಹೇಳಿಕೊಡುವವರು ಸಿಗುತ್ತಾರೆ. ಹೆಚ್ಚಿನ ಅಧ್ಯಯನಗಳು ಕೆಡುವುದು ಅದಕ್ಕಿಂತ ಬಹಳ ಮೊದಲು: ಯಾರ ಮನೆಗೆ ಹೋದೆವು, ಯಾವ ಶಬ್ದದಲ್ಲಿ ಕೇಳಿದೆವು, ತೋಳು ಎಲ್ಲಿಟ್ಟು ಅಳೆದೆವು ಎನ್ನುವಲ್ಲಿ. ಈ ಮೂರನ್ನೂ ನರ್ಸ್‌ಗಿಂತ ಚೆನ್ನಾಗಿ ಮಾಡಬಲ್ಲವರು ಆರೋಗ್ಯ ಕ್ಷೇತ್ರದಲ್ಲಿ ಬೇರೆ ಯಾರೂ ಇಲ್ಲ ಎಂದು ನಾನು ನಂಬಿದ್ದೇನೆ.

ಮೊದಲು ಸಮಯದ ವಿಷಯ ಮುಗಿಸೋಣ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಆಗ ಗಂಡಸರು ಮನೆಯಲ್ಲಿ ಸಿಗುತ್ತಾರೆ. ಆದರೆ ಆಗ ದುಡಿಮೆ ಇಲ್ಲ, ಊಟ ಬೇರೆ, ನಿದ್ದೆ ಬೇರೆ. ಆ ಎರಡು ತಿಂಗಳ ಅಂಕಿಯನ್ನು ಇಡೀ ವರ್ಷದ ಅಂಕಿ ಎಂದು ಹೇಳುವ ಹಾಗಿಲ್ಲ. ಬೋಟು ನಡೆಯುವ ತಿಂಗಳುಗಳಲ್ಲೇ ಸಂಜೆ ಮತ್ತು ರಜೆಯ ದಿನ ಹೋಗುವುದು, ಬೀಗ ಹಾಕಿದ ಮನೆಗೆ ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋಗುವುದು, ಆಗಲೂ ಸಿಗದಿದ್ದರೆ 'ಸಿಗಲಿಲ್ಲ' ಎಂದೇ ಬರೆಯುವುದು ಸರಿ. ಪಕ್ಕದ ಮನೆಯವರನ್ನು ಬದಲಿಗೆ ಸೇರಿಸಿಕೊಳ್ಳಬಾರದು. ಶಿರಸಿ, ಸಿದ್ದಾಪುರದ ಕಡೆ ಅಡಿಕೆಯ ಕೊನೆ (ಗೊನೆ) ಕೊಯ್ಲು ಶುರುವಾದ ಮೇಲೆ ರಾತ್ರಿಯವರೆಗೂ ಅಡಿಕೆ ಸುಲಿಯುತ್ತಾರೆ. ಆಗ 40 ನಿಮಿಷದ ಪ್ರಶ್ನಾವಳಿ ಹಿಡಿದು ಹೋದರೆ ಉತ್ತರ ಸಿಗುತ್ತದೆ, ಆದರೆ ಬೇಗ ಎದ್ದು ಹೋಗಲಿ ಎಂದು ಕೊಟ್ಟ ಉತ್ತರ.

ಎಷ್ಟು ಜನ ಬೇಕು? ಸಾಮಾನ್ಯ ಸೂತ್ರ 4 ಗುಣಿಸು ಪಿ ಗುಣಿಸು ಕ್ಯೂ, ಅದನ್ನು ಡಿಯ ವರ್ಗದಿಂದ ಭಾಗಿಸು. ಪಿ ಎಂದರೆ ನೂರಕ್ಕೆ ಎಷ್ಟು ಜನರಿಗೆ ತೊಂದರೆ, ಕ್ಯೂ ಎಂದರೆ ನೂರರಲ್ಲಿ ಉಳಿದವರು, ಡಿ ಎಂದರೆ ಎಷ್ಟು ಹೆಚ್ಚುಕಮ್ಮಿ ನಡೆಯುತ್ತದೆ ಎಂಬುದು. ನೂರಕ್ಕೆ 30 ಜನರಿಗೆ ತೊಂದರೆ ಇರಬಹುದು ಎಂಬ ಅಂದಾಜು, 5ರಷ್ಟು ಹೆಚ್ಚುಕಮ್ಮಿ ನಡೆಯುತ್ತದೆ ಎಂದಿಟ್ಟುಕೊಂಡರೆ 4×30×70 = 8400, ಅದನ್ನು 25ರಿಂದ ಭಾಗಿಸಿದರೆ 336. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಜಿಲ್ಲೆಯಿಡೀ ಚೀಟಿ ಎತ್ತಿ ಒಬ್ಬೊಬ್ಬರನ್ನೇ ಆರಿಸಿದರೆ 336 ಸಾಕು. ಕೇರಿ ಕೇರಿ ಆರಿಸಿಕೊಂಡು ಅಲ್ಲಿ ಒಟ್ಟಿಗೆ ನೋಡುವುದಾದರೆ ಸಾಲದು, ಏಕೆಂದರೆ ಒಂದೇ ಕೇರಿಯವರ ಊಟ, ಉಪ್ಪು, ಕೆಲಸ ಒಂದೇ ಥರ ಇರುತ್ತದೆ. ಅದಕ್ಕೆ ಒಂದೂವರೆ ಪಟ್ಟು ಹಿಡಿದರೆ 504. ನೂರಕ್ಕೆ 10 ಜನ ಸಿಗದೇ ಹೋಗುತ್ತಾರೆಂದು 0.9ರಿಂದ ಭಾಗಿಸಿದರೆ 560. ಅಂದರೆ 28 ಕೇರಿ, ಕೇರಿಗೆ 20 ಜನ, ಮನೆಗೆ ಒಬ್ಬರೇ. ಆ ಒಬ್ಬರು ಯಾರು ಎನ್ನುವುದನ್ನು ಮನೆಯ ವಯಸ್ಕರ ಹೆಸರು ಬರೆದು ಚೀಟಿ ಎತ್ತಿ ತೀರ್ಮಾನಿಸಬೇಕು. ಮನೆಯವರನ್ನೇ ಕೇಳಿದರೆ 'ಅಮ್ಮಂಗೆ ನೋಡಿ, ಅವರಿಗೆ ತಲೆ ತಿರುಗ್ತದೆ' ಎಂದು ಕಾಯಿಲೆ ಇರುವವರನ್ನೇ ಮುಂದೆ ಕೂರಿಸುತ್ತಾರೆ. ಅದು ಪ್ರೀತಿ. ಲೆಕ್ಕಕ್ಕೆ ಮಾತ್ರ ಹಾನಿ. ಅಮ್ಮನ ಬಿಪಿ ನೋಡಿ ಹೇಳಿ, ಫಾರ್ಮಿನಲ್ಲಿ ಬರೆಯಬೇಡಿ.

ಘಟ್ಟದ ಮೇಲೆ ಇನ್ನೊಂದು ತೊಡಕು. ತೋಟಕ್ಕೊಂದು ಮನೆ ಇರುವ ಊರಲ್ಲಿ 'ಪ್ರತಿ ಐದನೇ ಮನೆ' ಎಂದರೆ ಒಂದು ಗುಡ್ಡ ಹತ್ತಿ ಇಳಿಯಬೇಕು. ಸಂಜೆಯಾಗುತ್ತ ಬಂದಂತೆ ರಸ್ತೆ ಬದಿಯ ಮನೆಗಳೇ ಪಟ್ಟಿಗೆ ಸೇರತೊಡಗುತ್ತವೆ. ರಸ್ತೆ ಬದಿಯವರಿಗೆ ಬಸ್ಸು ಹತ್ತಿರ, ಔಷಧಿ ಅಂಗಡಿ ಹತ್ತಿರ. ಅವರ ಬಿಪಿ ಹತೋಟಿಯಲ್ಲಿರುವುದಕ್ಕೆ ಅದೂ ಕಾರಣವಾಗಿರಬಹುದು. ಆದ್ದರಿಂದ ಆಶಾ ಕಾರ್ಯಕರ್ತೆಯ ಮನೆಪಟ್ಟಿಯಿಂದ ಹಿಂದಿನ ದಿನವೇ ಮನೆ ಆರಿಸಿ, ಪಟ್ಟಿಯನ್ನು ತಂಡದ ಕೈಗೆ ಕೊಟ್ಟುಬಿಡಬೇಕು.

ಇನ್ನು ಅಳತೆ. ಬಿಪಿ ನೋಡುವುದು ಎಲ್ಲರಿಗೂ ಬರುತ್ತದೆ ಎಂದುಕೊಂಡೇ ಎಲ್ಲರೂ ತಪ್ಪುವ ಕೆಲಸ ಇದು. ಜಗಲಿಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು, ಬೆನ್ನಿಗೆ ಆಸರೆ ಇಲ್ಲದೆ, ತೋಳನ್ನು ತೊಡೆಯ ಮೇಲಿಟ್ಟು, ಪಕ್ಕದ ಮನೆಯವಳ ಜೊತೆ ಮಾತಾಡುತ್ತಾ ಕೂತ ಹೆಂಗಸಿನ ಬಿಪಿ ಅವಳ ನಿಜವಾದ ಬಿಪಿಗಿಂತ ಮೇಲೆಯೇ ಬರುತ್ತದೆ. ಮಾತೊಂದೇ 10 ಮಿ.ಮೀ.ವರೆಗೆ ಏರಿಸಬಲ್ಲದು. ತೋಳು ಹೃದಯದ ಮಟ್ಟಕ್ಕಿಂತ ಒಂದು ಇಂಚು ಕೆಳಗಿದ್ದರೆ ಸುಮಾರು 2 ಮಿ.ಮೀ. ಹೆಚ್ಚು. ತುಂಬಿದ ಮೂತ್ರಕೋಶ, ಕಾಲ ಮೇಲೆ ಕಾಲು, ಇವೂ ಏರಿಸುತ್ತವೆ. ಪ್ಲಾಸ್ಟಿಕ್ ಕುರ್ಚಿಯೊಂದು ಸಾಕು: ಬೆನ್ನು ಒರಗಿ, ಎರಡೂ ಪಾದ ನೆಲಕ್ಕೆ ತಾಗಿ, ತೋಳಿನ ಕೆಳಗೆ ಇನ್ನೊಂದು ಕುರ್ಚಿಯೋ ಮಡಿಸಿದ ಕಂಬಳಿಯೋ ಇಟ್ಟು, 5 ನಿಮಿಷ ಸುಮ್ಮನೆ. ಬಟ್ಟೆಯ ಮೇಲೆ ಯಂತ್ರದ ಪಟ್ಟಿ (ಕಫ್) ಸುತ್ತಬಾರದು. ಸಾಮಾನ್ಯ ಪಟ್ಟಿ 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ. ಬಲೆ ಎಳೆದೂ ಎಳೆದೂ ದಪ್ಪಗಾದ ತೋಳಿಗೆ ದೊಡ್ಡದೇ ಬೇಕು, ಚಿಕ್ಕ ಪಟ್ಟಿ ಹೆಚ್ಚು ತೋರಿಸುತ್ತದೆ. ಅಳತೆ ಟೇಪು ಚೀಲದಲ್ಲಿರಲಿ. ಒಂದೊಂದು ನಿಮಿಷ ಬಿಟ್ಟು ಮೂರು ಸಲ ನೋಡಿ, ಮೊದಲನೆಯದನ್ನು ಬಿಟ್ಟು ಉಳಿದೆರಡರ ಸರಾಸರಿ ತೆಗೆದುಕೊಳ್ಳಿ. ಮೂರೂ ಅಂಕಿ ಫಾರ್ಮಿನಲ್ಲಿ ಇರಬೇಕು.

ಉಪ್ಪುಗಾಳಿ ಮತ್ತು ಮಳೆಗಾಲದ ತೇವಕ್ಕೆ ಪಟ್ಟಿ ಬೂಸಲು ಹಿಡಿಯುತ್ತದೆ, ಅಂಟುವ ಭಾಗ ಸಡಿಲವಾಗುತ್ತದೆ, ಮುಳ್ಳಿನ ಯಂತ್ರದ ಮುಳ್ಳು ಸೊನ್ನೆಗೆ ಬಂದು ನಿಲ್ಲುವುದಿಲ್ಲ. ವಾರಕ್ಕೊಮ್ಮೆ ಒಬ್ಬರದೇ ತೋಳಿನ ಮೇಲೆ ಎಲ್ಲ ಯಂತ್ರಗಳನ್ನೂ ಹೋಲಿಸಿ. ಒಂದು ಯಂತ್ರ ಘಟ್ಟದ ಮೇಲೆ, ಇನ್ನೊಂದು ಕೆಳಗೆ ಎಂದು ಕಾಯಂ ಮಾಡಬೇಡಿ. ಮಾಡಿದರೆ ಕೊನೆಗೆ ಕಾಣುವ ವ್ಯತ್ಯಾಸ ಊರಿನದೋ ಯಂತ್ರದ್ದೋ ತಿಳಿಯುವುದಿಲ್ಲ. ತಂಡ ಹೇಗೆ ಅಳೆಯುತ್ತಿದೆ ಎಂದು ನೋಡುವ ಸುಲಭ ದಾರಿಯೊಂದಿದೆ. ಸಂಜೆ ಫಾರ್ಮುಗಳನ್ನು ಹರಡಿ ಕೊನೆಯ ಅಂಕೆ ಎಣಿಸಿ. ಮುಳ್ಳಿನ ಯಂತ್ರದಲ್ಲಿ ಗೆರೆಗಳು ಎರಡೆರಡು ಮಿ.ಮೀ.ಗೆ ಇರುವುದರಿಂದ ಸೊನ್ನೆಯಲ್ಲಿ ಮುಗಿಯುವ ಅಂಕಿಗಳು ನೂರಕ್ಕೆ 20ರ ಆಸುಪಾಸು ಇರಬೇಕು. 130/80, 140/90, 120/80 ಎಂದೇ ಸಾಲುಗಟ್ಟಿದ್ದರೆ ಅಳೆದವರು ಅಂದಾಜಿಗೆ ಬರೆಯುತ್ತಿದ್ದಾರೆ. 138 ಎನ್ನುವುದನ್ನು 140 ಎಂದು ಬರೆದ ಆ ಎರಡು ಮಿ.ಮೀ. ಒಬ್ಬರನ್ನು ರೋಗಿಗಳ ಪಟ್ಟಿಗೆ ಸೇರಿಸಿಬಿಡುತ್ತದೆ.

ಅಳೆಯುವ ಅರ್ಧ ಗಂಟೆ ಮೊದಲು ಚಹಾ, ಬೀಡಿ, ತಂಬಾಕು ಇರಬಾರದು ಎಂಬುದು ನಿಯಮ. ನಮ್ಮ ಜಿಲ್ಲೆಯಲ್ಲಿ ಈ ನಿಯಮ ಒಂದು ಶಬ್ದದ ಮೇಲೆ ನಿಂತಿದೆ. 'ತಂಬಾಕು ಸೇವಿಸುತ್ತೀರಾ?' ಎಂದು ಅಚ್ಚಾದ ಪ್ರಶ್ನೆ ಓದಿದರೆ ಅಜ್ಜಿ 'ಇಲ್ಲಪ್ಪಾ' ಎನ್ನುತ್ತಾಳೆ. ಅದು ಸುಳ್ಳಲ್ಲ. ಆಕೆಯ ಕಿವಿಗೆ ಅದು ಬೀಡಿ, ಸಿಗರೇಟಿನ ಪ್ರಶ್ನೆ. 'ಅಜ್ಜೀ, ಕವಳ ಹಾಕ್ತೀರಾ?' ಎಂದು ಕೇಳಿ. ಸೊಂಟದ ಸಂಚಿ ಹೊರಬರುತ್ತದೆ. ಆಮೇಲೆ ಒಂದೊಂದಾಗಿ: ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ದಿನಕ್ಕೆ ಎಷ್ಟು ಕವಳ, ಎಷ್ಟು ಹೊತ್ತು ಬಾಯಲ್ಲಿ, ರಾತ್ರಿ ದವಡೆಗೆ ಒತ್ತಿಕೊಂಡು ಮಲಗುವುದುಂಟೇ. ಹೊಗೆಸೊಪ್ಪು ಇಲ್ಲದ ಕವಳವನ್ನೂ ಬೇರೆ ಕಾಲಂನಲ್ಲಿ ಬರೆಯಬೇಕು. ಅಡಿಕೆಯನ್ನೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆಯಿಂದಲೇ ಬದುಕು ಕಟ್ಟಿಕೊಂಡ ಶಿರಸಿ ಸೀಮೆಯಲ್ಲಿ ಈ ಮಾತು ಹೇಳುವುದು ಕಷ್ಟ, ಆದರೂ ಫಾರ್ಮಿನಲ್ಲಿ ಕಾಲಂ ಇರಲೇಬೇಕು.

ಉಪ್ಪಿನದೂ ಇದೇ ಕಥೆ. ವಯಸ್ಕರಿಗೆ ದಿನಕ್ಕೆ 5 ಗ್ರಾಂ ಒಳಗಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ತಿಂಗಳಿಗೆ ತಂದ ಉಪ್ಪನ್ನು ಮನೆಮಂದಿಗೆ ಭಾಗಿಸುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅದೇ ಉಪ್ಪು ಮೀನು ಒಣಗಿಸಲು, ಅಪ್ಪೆಮಿಡಿಗೆ, ಹಲಸಿನ ತೊಳೆ ಉಪ್ಪಿಗೆ ಹಾಕಲು ಹೋಗುತ್ತದೆ. ಸಾಣಿಕಟ್ಟೆಯ ಹರಳುಪ್ಪಿನ ಒಂದು ಚಮಚ, ಪುಡಿ ಉಪ್ಪಿನ ಒಂದು ಚಮಚ, ತೂಕದಲ್ಲಿ ಒಂದಲ್ಲ. ಅಡುಗೆಯ ಉಪ್ಪಿನ ಭರಣಿಯನ್ನು ತೂಗಿ ಬಂದು ಏಳನೇ ದಿನ ಮತ್ತೆ ತೂಗಿ, ಆ ವಾರ ಉಂಡವರ ಲೆಕ್ಕ ಹಾಕಿ, ಉಪ್ಪಿನಕಾಯಿ ಮತ್ತು ಒಣಮೀನನ್ನು ಬೇರೆಯಾಗಿ ಕೇಳಿದರೆ ನಿಜಕ್ಕೆ ಸ್ವಲ್ಪ ಹತ್ತಿರ ಬರಬಹುದು.

ನರ್ಸಿಂಗ್ ಪ್ರಬಂಧಗಳಲ್ಲಿ ಬಹಳ ಬಳಕೆಯಲ್ಲಿರುವ ಒಂದು ವಿನ್ಯಾಸ ಒಂದೇ ಗುಂಪಿನದು: ಮೊದಲು ಪರೀಕ್ಷೆ, ನಡುವೆ ಪಾಠ, ಏಳನೇ ದಿನ ಮತ್ತೆ ಪರೀಕ್ಷೆ. ಅಂಕ ಏರಿಯೇ ಏರುತ್ತದೆ. ಅದೇ ಪ್ರಶ್ನೆಪತ್ರಿಕೆಯನ್ನು ಎರಡು ಸಲ ಕೊಟ್ಟರೆ ಪಾಠವಿಲ್ಲದೆಯೂ ಏರೀತು. ಬಿಪಿಯಲ್ಲಿ ಇದು ಇನ್ನೂ ಮೋಸ. ಮೊದಲ ದಿನ 150 ದಾಟಿದವರನ್ನಷ್ಟೇ ಆರಿಸಿ ಯೋಗವನ್ನೋ ಕಾಲ್ನಡಿಗೆಯನ್ನೋ ಹೇಳಿಕೊಟ್ಟು ತಿಂಗಳ ಮೇಲೆ ನೋಡಿದರೆ ಹಲವರದು ಇಳಿದಿರುತ್ತದೆ. ಅವರಲ್ಲಿ ಕೆಲವರು ಅಂದು ಯಾವುದೋ ಕಾರಣಕ್ಕೆ ಏರಿದ್ದವರು, ಏನೂ ಮಾಡದಿದ್ದರೂ ತಮ್ಮ ಸಹಜ ಮಟ್ಟಕ್ಕೆ ಮರಳುತ್ತಿದ್ದರು. ಹೋಲಿಕೆಗೆ ಇನ್ನೊಂದು ಕೇರಿ ಇಟ್ಟುಕೊಳ್ಳಿ. ಅವರಿಗೂ ಅದೇ ಪಾಠವನ್ನು ಅಧ್ಯಯನ ಮುಗಿದ ಮೇಲೆ ಕೊಡಿ, ಯಾರಿಗೂ ಅನ್ಯಾಯವಾಗದು.

ಸಕ್ಕರೆ ಕಾಯಿಲೆಯವರ ಪಾದ ಪರೀಕ್ಷೆ ನರ್ಸ್‌ಗಳ ಕೈಗೆ ಹೇಳಿ ಮಾಡಿಸಿದ ವಿಷಯ. ಪಾದದಲ್ಲಿ ಸ್ಪರ್ಶ ಉಳಿದಿದೆಯೇ ಎಂದು ನೋಡಲು ಬೇಕಾದ್ದು 10 ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆ. ಮೊದಲು ಅದನ್ನು ಕೈಗೆ ತಾಗಿಸಿ ಹೇಗಿರುತ್ತದೆಂದು ತೋರಿಸಿ. ಆಮೇಲೆ ಕಣ್ಣು ಮುಚ್ಚಿಸಿ ಹೆಬ್ಬೆರಳಿನ ಕೆಳಗೆ ಮತ್ತು ಬೆರಳ ಬುಡದ ದಿಂಡಿನ ಮೇಲೆ ನೇರವಾಗಿ ಒತ್ತಿ, ಎಳೆ ಬಿಲ್ಲಿನಂತೆ ಬಾಗಿದೊಡನೆ ಎತ್ತಿಬಿಡಿ. ಒಟ್ಟು ಒಂದೆರಡು ಸೆಕೆಂಡು. ಒಂದು ಜಾಗಕ್ಕೆ ಮೂರು ಸಲ, ಅದರಲ್ಲಿ ಒಂದು ಸಲ ಮುಟ್ಟದೆಯೇ ಕೇಳಬೇಕು. ಮೂರರಲ್ಲಿ ಎರಡು ಸರಿಯಾದರೆ ಸ್ಪರ್ಶ ಇದೆ. ಒತ್ತುತ್ತಲೇ 'ಗೊತ್ತಾಯ್ತಾ?' ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ. ಬರಿಗಾಲಲ್ಲಿ ತೋಟ ತಿರುಗಿದವರ ಹಿಮ್ಮಡಿ, ಅಂಗಾಲು ದಡ್ಡುಗಟ್ಟಿರುತ್ತದೆ. ಅದರ ಮೇಲೆ ಒತ್ತಿದರೆ ಆರೋಗ್ಯವಂತರಿಗೂ ತಿಳಿಯುವುದಿಲ್ಲ, ಪಕ್ಕದ ಮೆದು ಚರ್ಮ ಹುಡುಕಬೇಕು. ಐಸ್ ನೀರಲ್ಲಿ ನಿಂತು ಮೀನು ವಿಂಗಡಿಸಿ ಬಂದವರ ಪಾದ ಒರೆಸಿ, ಬೆಚ್ಚಗಾದ ಮೇಲೆಯೇ ಪರೀಕ್ಷೆ. ಬೆರಳ ಸಂದಿ ಬಿಡಿಸಿ ನೋಡದೆ ಏಳಬಾರದು. ಬೆಳ್ಳಗೆ ನೆನೆದ ಬಿರುಕು ಅಲ್ಲೇ ಅಡಗಿರುತ್ತದೆ. ಒಂದೇ ಎಳೆಯನ್ನು ದಿನವಿಡೀ ಬಳಸಿದರೆ ಅದು ಸೋತು ಮೆತ್ತಗಾಗುತ್ತದೆ. ಸುಮಾರು 10 ಜನರ ನಂತರ ಒಂದು ದಿನ ಬಿಡುವು ಕೊಡಿ.

ಮನಸ್ಸಿನ ಆರೋಗ್ಯದ ಪ್ರಶ್ನಾವಳಿಗಳಲ್ಲಿ ಭಾಷೆಯೇ ಯಂತ್ರ. 'ಬೇಜಾರು' ಎಂದರೆ ದುಃಖವೂ ಹೌದು, ಹೊತ್ತು ಹೋಗದಿರುವುದೂ ಹೌದು, ನೆಂಟರ ಮೇಲಿನ ಮುನಿಸೂ ಹೌದು. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಕೇಳುವುದು ಕಳೆದ ಎರಡು ವಾರದ ಬಗ್ಗೆ. 'ಎರಡು ವಾರದಲ್ಲಿ ಎಷ್ಟು ದಿನ' ಎಂಬ ಭಾಗ ಬಾಯಲ್ಲಿ ಬಿಟ್ಟುಹೋದರೆ ಇಡೀ ಅಂಕ ಹಾಳು. ಕಾರವಾರದ ಕೊಂಕಣಿ ಮನೆಗಳಲ್ಲಿ ಮೊಮ್ಮಗಳನ್ನು ದುಭಾಷಿ ಮಾಡಿಕೊಳ್ಳಬಾರದು. ಸಾಯುವ ಯೋಚನೆ ಬರುತ್ತದೆಯೇ ಎಂಬ ಒಂಬತ್ತನೇ ಪ್ರಶ್ನೆಗೆ ಅಜ್ಜಿ ಮೊಮ್ಮಗಳ ಬಾಯಿಂದ ನಿಜ ಹೇಳಲಾರಳು. ಯಾರಾದರೂ 'ಹೌದು' ಎಂದರೆ ಏನು ಮಾಡಬೇಕೆಂದು ಮೊದಲೇ ಬರೆದಿಟ್ಟಿರಬೇಕು: ಅವರನ್ನು ಒಂಟಿಯಾಗಿ ಬಿಡದೆ ಅದೇ ದಿನ ವೈದ್ಯರ ಬಳಿ ತಲುಪಿಸುವುದು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆ ಕೊಡುವುದು.

ಸಿದ್ದಾಪುರದ ಕಡೆ ಮಂಗನ ಕಾಯಿಲೆಯ ಬಗ್ಗೆ ಅಧ್ಯಯನ ಮಾಡುವವರಿಗೆ ಒಂದು ಮಾತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ ಇದು. ಉಣುಗಿನಿಂದ ಬರುತ್ತದೆ ಎಂಬುದು ಅಲ್ಲಿ ಮಕ್ಕಳಿಗೂ ಗೊತ್ತು, ಅದನ್ನೇ ಕೇಳಿ ಅಂಕ ಕೊಡುವುದರಿಂದ ಏನೂ ತಿಳಿಯುವುದಿಲ್ಲ. ಕಾಡಿನಲ್ಲಿ ದರಕು (ಒಣ ಎಲೆ) ಗುಡಿಸುವ ಬೇಸಿಗೆಯ ತಿಂಗಳುಗಳೇ ಮರಿ ಉಣುಗು ಚುರುಕಾಗಿರುವ ಕಾಲವೂ ಹೌದು. ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ಡೇಪಾ ಎಣ್ಣೆಯ ಬಗ್ಗೆ 'ಎಣ್ಣೆ ಹಚ್ಚುತ್ತೀರಾ?' ಎಂಬುದರ ಬದಲು 'ಕಡೆಯ ಸಲ ಬೆಟ್ಟಕ್ಕೆ ಹೋದದ್ದು ಯಾವಾಗ, ಅವತ್ತು ಹಚ್ಚಿದ್ರಾ, ಬಾಟಲಿ ತೋರಿಸ್ತೀರಾ?' ಎಂದು ಕೇಳಿ. ಸೀಲು ಒಡೆಯದ ಡೇಪಾ ಬಾಟಲಿ ಯಾವ ಉತ್ತರಕ್ಕಿಂತಲೂ ಹೆಚ್ಚು ಹೇಳುತ್ತದೆ. ಏಕೆ ಒಡೆದಿಲ್ಲ ಎಂಬುದೇ ಮುಂದಿನ ಅಧ್ಯಯನದ ವಿಷಯ. ವಾಸನೆಯೋ, ಬೆವರಿಗೆ ಉರಿಯೋ, ಕೊಟ್ಟವರು ಹಚ್ಚುವ ರೀತಿ ಹೇಳಲಿಲ್ಲವೋ.

ಒಪ್ಪಿಗೆ ಪತ್ರವನ್ನು ಓದಿ ಹೇಳಬೇಕು, ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ತಂಡಕ್ಕೆ ಸಂಬಂಧಪಡದ ಸಾಕ್ಷಿ ಸಹಿ ಹಾಕಬೇಕು. ಜೊತೆಗೆ ಬಂದ ಆಶಾ ಕಾರ್ಯಕರ್ತೆ ಆ ಸಾಕ್ಷಿಯಾಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆಕೆ ಕರೆತಂದವರಿಗೆ ಬೇಡ ಎನ್ನಲು ಕೇರಿಯಲ್ಲಿ ಯಾರಿಗೂ ಬಾಯಿ ಬರುವುದಿಲ್ಲ. ಒಪ್ಪದಿದ್ದರೆ ರೇಷನ್ನಿಗಾಗಲೀ ಪಿಂಚಣಿಗಾಗಲೀ ತೊಂದರೆಯಿಲ್ಲ ಎಂಬ ವಾಕ್ಯವನ್ನು ಬಾಯಿಬಿಟ್ಟು ಹೇಳಿ.

ಏಳುವ ಮೊದಲು ಒಂದು ಚೀಟಿ ಕೈಗೆ ಕೊಡಿ. ತಾರೀಕು, ಮೂರೂ ಬಿಪಿ ಅಂಕಿ, ಹತ್ತಿರದ ಆಸ್ಪತ್ರೆ, ಮತ್ತೆ ಯಾವಾಗ ತೋರಿಸಬೇಕು ಎಂಬುದು ದೊಡ್ಡ ಅಕ್ಷರದಲ್ಲಿ. 140/90 ದಾಟಿದ್ದರೆ 'ಕಾಯಿಲೆ ಇದೆ' ಎನ್ನಬೇಡಿ, ಬೇರೆ ದಿನ ಮತ್ತೆ ನೋಡಿಸಿ ಎನ್ನಿ. 180/110 ದಾಟಿದ್ದರೆ ಪ್ರಶ್ನಾವಳಿ ಅಲ್ಲಿಗೇ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ, ಇಳಿಯದಿದ್ದರೆ ಅದೇ ದಿನ ವೈದ್ಯರ ಬಳಿಗೆ. ಎದೆನೋವು, ಏದುಸಿರು, ತೊದಲು ಮಾತು, ಒಂದು ಬದಿಯ ಕೈಕಾಲು ಸೋಲುವುದು, ಇವುಗಳಲ್ಲಿ ಒಂದು ಜೊತೆಗಿದ್ದರೂ ಎರಡನೇ ಸಲ ಅಳೆಯಲು ಕಾಯದೆ 108ಕ್ಕೆ ಫೋನು. ಆ ಫಾರ್ಮು ಅಪೂರ್ಣವಾಗಿಯೇ ಉಳಿಯಲಿ.