ನಾಲಿಗೆ ನಿಲ್ಲದ ಕಡೆ ಪೆನ್ಸಿಲ್ ಯಾಕೆ ನಿಲ್ಲಬೇಕು?

1987ರಲ್ಲಿ ನಾನು ಕಮರ್ಷಿಯಲ್ ಪ್ರಾಕ್ಟೀಸ್ ಡಿಪ್ಲೊಮಾಗೆ ಸೇರಿದೆ. ಅಲ್ಲಿ ಕಲಿಸುತ್ತಿದ್ದ ಪಿಟ್‌ಮನ್ ಶಾರ್ಟ್‌ಹ್ಯಾಂಡ್ ಎಂದರೆ ಹೇಳಿದ್ದನ್ನು ಗೆರೆಗಳಲ್ಲಿ ವೇಗವಾಗಿ ಬರೆದುಕೊಳ್ಳುವ ಶೀಘ್ರಲಿಪಿ. ಅದರಲ್ಲಿ ಸ್ಪೆಲ್ಲಿಂಗ್ ಲೆಕ್ಕಕ್ಕಿಲ್ಲ, ಕಿವಿಗೆ ಕೇಳಿದ್ದನ್ನು ಬರೆಯಬೇಕು. ಕನ್ನಡ ಮೀಡಿಯಂನಿಂದ ಬಂದ ನಮಗೆ ಅದು ಸಲೀಸಾಯಿತು. ಆದರೆ ಡಿಕ್ಟೇಷನ್ ನಿಮಿಷಕ್ಕೆ 60 ಪದ ದಾಟಿದ ಕೂಡಲೇ ಕೈ ಸೋತುಹೋಯಿತು.

ಆಗ ನಮ್ಮ ಮೇಡಂ ಫ್ರೇಸಿಂಗ್, ಅಂದರೆ ಪೆನ್ಸಿಲ್ ಎತ್ತದೆ ಪದಗಳನ್ನು ಕೂಡಿಸಿ ಬರೆಯುವ ಪಾಠ ಶುರುಮಾಡಿದರು. ಬೋರ್ಡಿನ ಮೇಲೆ ಮೊದಲು ಬರೆದದ್ದು ಕನ್ನಡವನ್ನೇ: ಮನೆಯಲ್ಲಿ, ಇಲ್ಲ. "ಮಾತಾಡುವಾಗ ಇದನ್ನ ಬಿಡಿಸಿ ಹೇಳ್ತೀರಾ? ಮನೆಯಲ್ಲಿಲ್ಲ ಅಂತೀರಿ, ಅಲ್ವಾ? ನಾಲಿಗೆ ನಿಲ್ಲದ ಕಡೆ ಪೆನ್ಸಿಲ್ ಯಾಕೆ ನಿಲ್ಲಬೇಕು?" ಎಂದರು. ಹೈಸ್ಕೂಲಿನಲ್ಲಿ ಮಾರ್ಕ್ಸಿಗಾಗಿ ಓದಿದ ಲೋಪಸಂಧಿ ನನಗೆ ನಿಜವಾಗಿ ಅರ್ಥವಾದದ್ದು ಆ ದಿನ.

'ಇಫ್' ಎಂದರೆ ಬಿಲ್ಲಿನಂತೆ ಬಾಗಿದ ಒಂದು ಗೆರೆ. ಅದನ್ನೇ ಅರ್ಧ ಉದ್ದಕ್ಕೆ ಬರೆದರೆ 'ಇಫ್ ಇಟ್'. ಎರಡರಷ್ಟು ಎಳೆದರೆ 'ಇಫ್ ದೇರ್'. 'ಆಫ್ ದ', 'ಇನ್ ದ' ಬಂದರೆ 'ದ'ಗೆ ಬಾಲದಲ್ಲೊಂದು ಪುಟ್ಟ ಟಿಕ್, ಅಷ್ಟೇ. ಸಾಲಿಗಿಂತ ಮೇಲೋ, ಸಾಲಿಗೆ ತಾಗಿಯೋ, ಸಾಲನ್ನು ದಾಟಿಯೋ, ಮೊದಲ ಪದ ತನ್ನ ಜಾಗದಲ್ಲಿ ಕೂರಬೇಕು. ಉಳಿದವು ಅದರ ಹಿಂದೆ ಸಾಲಾಗಿ ಬರಬೇಕು. ಎಷ್ಟು ಚೆಂದದ ಏರ್ಪಾಡು!

ನನಗೆ ಅದೇ ಗುಂಗು ಹಿಡಿಯಿತು. ಮಲ್ಲೇಶ್ವರದಿಂದ ಮೆಜೆಸ್ಟಿಕ್‌ಗೆ ಹೋಗುವ ಬಿಟಿಎಸ್ ಬಸ್ಸಿನಲ್ಲಿ ಬ್ಯಾಗಿನ ಮೇಲೆ ಬೆರಳಾಡಿಸುತ್ತಾ ಕೂರುತ್ತಿದ್ದೆ. ಜನ ಮಾತಾಡುವಾಗ ಯಾವ ಪದದ ಬೆನ್ನಿಗೆ ಯಾವುದು ಬರುತ್ತದೆ ಎನ್ನುವುದರ ಮೇಲೇ ಕಿವಿ.

ಒಂದು ಟೆಸ್ಟಿನಲ್ಲಿ ಮಾತ್ರ ಎಡವಿದೆ. 'ಐ ಆಮ್ ನಾಟ್' ಬರೆಯಲು 'ಎಮ್' ಗೆರೆಯನ್ನು ಅರ್ಧ ಮಾಡಿ ಕೊನೆಗೆ ಹುಕ್ ಹಾಕಬೇಕು. ಅವಸರದಲ್ಲಿ ಹುಕ್ ಬಿಟ್ಟೆ, ಗೆರೆಯೂ ಉದ್ದವಾಯಿತು. ತೃಪ್ತಿಯಿಲ್ಲ ಎಂದು ಬರೆದ ಗಿರಾಕಿಯ ಪತ್ರ, ಟೈಪ್ ಮಾಡುವಾಗ ತೃಪ್ತಿಯಿದೆ ಎಂದಾಯಿತು. ಮೇಡಂ ಬೈಯಲಿಲ್ಲ. ಆ ಹುಕ್ ಇರಬೇಕಾದ ಜಾಗಕ್ಕೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿ, "ಸುಮ್ನೆ ಎಲ್ಲಾ ಕೂಡಿಸಬೇಡ. ಓದೋಕೆ ಬರಬೇಕು ಕಣಮ್ಮಾ" ಎಂದರು. ನೋಟ್‌ಬುಕ್ಕಿನ ಕೊನೆ ಪುಟವನ್ನು ನನ್ನದೇ ಫ್ರೇಸ್‌ಗಳಿಗೆ ಇಟ್ಟುಕೊಳ್ಳಲು ಹೇಳಿದ್ದೂ ಅವರೇ.

ಡಿಪ್ಲೊಮಾ ಮುಗಿಸಿ ಒಬ್ಬ ವಕೀಲರ ಆಫೀಸಿಗೆ ಸೇರಿದೆ. ಅಲ್ಲಿ ದಿನಕ್ಕೆ ಇಪ್ಪತ್ತು ಸಲ 'ಲರ್ನೆಡ್ ಕೌನ್ಸೆಲ್ ಫಾರ್ ದ ಪಿಟಿಷನರ್', ಅಂದರೆ ಅರ್ಜಿದಾರರ ಪರ ವಕೀಲರು. ಒಂದೇ ವಾರಕ್ಕೆ ಕೊನೆ ಪುಟ ತುಂಬಿತು. ಶನಿವಾರ ಅದನ್ನು ಹಿಡಿದು ಕಾಲೇಜಿಗೆ ಓಡಿದೆ. ಮೇಡಂ ಕನ್ನಡಕ ಹಾಕಿಕೊಂಡು ಒಂದೊಂದೇ ಜೋರಾಗಿ ಓದಿದರು. ಎರಡು ಕಡೆ ನಿಂತರು, ನನ್ನ ಮುಖ ನೋಡಿದರು. ಅವೆರಡನ್ನೂ ಅವರ ಮೇಜಿನ ಪಕ್ಕದಲ್ಲೇ ಕೂತು ಬಿಡಿಸಿ ಬರೆದೆ.