ವಿಂಡೋಸ್ ಬದಲಾದ ಮೇಲೆ ಬಯಲಾದ ರ‍್ಯಾಮ್

ತುಮಕೂರಿನ ಬಿ.ಎಚ್. ರಸ್ತೆ ಬದಿಯ ಒಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ ಕೆಲಸ ರಾಶಿ ಬಿದ್ದ ಹೊತ್ತಿನಲ್ಲೇ ಕಂಪ್ಯೂಟರ್ ನೀಲಿ ಪರದೆ ತೋರಿಸಿ ತಾನಾಗಿ ರೀಸ್ಟಾರ್ಟ್ ಆಗತೊಡಗಿತ್ತು. ಐ3-8100 ಪ್ರೊಸೆಸರ್, 8 ಜಿಬಿ ಡಿಡಿಆರ್4 ರ‍್ಯಾಮ್, ಜೊತೆಗೆ ಆಮೇಲೆ ಸೇರಿಸಿದ 4 ಜಿಬಿಯ ಇನ್ನೊಂದು ಸ್ಟಿಕ್ (ಯಂತ್ರ ಓಡುವಾಗ ಕೆಲಸದ ಮಾಹಿತಿ ಇಡುವ ಮೆಮೊರಿಯ ಪಟ್ಟಿ). ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದರಿಂದ 11ಕ್ಕೆ ಏರಿಸಿದ್ದರು. ಅಂಗಡಿಯವರದು ಆಗಲೇ ತೀರ್ಮಾನವಾಗಿತ್ತು: ಹೊಸದು ಸರಿಯಿಲ್ಲ, ಫಾರ್ಮ್ಯಾಟ್ ಹೊಡೆದು ಹಳೇದನ್ನೇ ಹಾಕಿ.

ಫಾರ್ಮ್ಯಾಟ್ ಮಾತು ಬದಿಗಿಟ್ಟು ಮೊದಲು ನೋಡಬೇಕಾದದ್ದು ಇವೆಂಟ್ ವ್ಯೂವರ್ (ವಿಂಡೋಸ್ ತನ್ನ ಘಟನೆಗಳನ್ನು ಬರೆದಿಡುವ ದಾಖಲೆ), ಆಮೇಲೆ ವಿಂಡೋಸ್ ಫೋಲ್ಡರಿನ ಒಳಗಿರುವ ಮಿನಿಡಂಪ್ (ಪ್ರತಿ ಕುಸಿತದ ಚಿಕ್ಕ ವರದಿ). ಯಂತ್ರ ಸರಿಯಾಗಿ ಮುಚ್ಚದೆ ನಿಂತಿತು ಎನ್ನುವ ಕರ್ನೆಲ್ ಪವರ್ 41 ಎಂಬ ದಾಖಲೆ ಮಾತ್ರ ಇದ್ದು ನೀಲಿ ಪರದೆಯ ಕೋಡ್ ಇಲ್ಲದಿದ್ದರೆ ಎಸ್‌ಎಂಪಿಎಸ್, ಯುಪಿಎಸ್, ಅಂದರೆ ವಿದ್ಯುತ್ ಪೂರೈಕೆಯ ಕಡೆ ಅನುಮಾನ ಹೋಗಬೇಕು. ಪ್ರತಿಸಲವೂ ಒಂದೇ ಕೋಡ್, ಒಂದೇ ಡ್ರೈವರ್ ಫೈಲಿನ ಹೆಸರು ಬರುತ್ತಿದ್ದರೆ ಹಳೆಯ ಪ್ರಿಂಟರಿನದೋ ಸ್ಕ್ಯಾನರಿನದೋ ಡ್ರೈವರ್ (ಉಪಕರಣ ನಡೆಸುವ ತಂತ್ರಾಂಶ) ಕಾರಣವಿರಬಹುದು. ಇಲ್ಲಿ ಹಾಗಿರಲಿಲ್ಲ, ಕೋಡ್ ಬದಲಾಗುತ್ತಿತ್ತು. ಒಮ್ಮೆ ಮೆಮೊರಿ ಮ್ಯಾನೇಜ್‌ಮೆಂಟ್, ಇನ್ನೊಮ್ಮೆ ಪೇಜ್ ಫಾಲ್ಟ್, ಮತ್ತೊಮ್ಮೆ ಐಆರ್‌ಕ್ಯೂಎಲ್. ನಡುನಡುವೆ ಬ್ರೌಸರಿನ ಟ್ಯಾಬ್ ಸುಮ್ಮನೆ ಸಾಯುವುದು. ಡಿಐಎಸ್‌ಎಂ ಓಡಿಸಿ, ಆಮೇಲೆ ಎಸ್‌ಎಫ್‌ಸಿ (ಎರಡೂ ವಿಂಡೋಸ್ ಫೈಲುಗಳನ್ನು ಸರಿಪಡಿಸುವ ಆಜ್ಞೆಗಳು) ಓಡಿಸಿದರೆ ಕೆಟ್ಟ ಫೈಲುಗಳನ್ನು ರಿಪೇರಿ ಮಾಡಿದೆ ಅನ್ನುತ್ತಿತ್ತು. ಮತ್ತೆ ಓಡಿಸಿದರೆ ಮತ್ತೆ ಕೆಟ್ಟವು ಸಿಗುತ್ತಿದ್ದವು. ಕೋಡ್ ಹೀಗೆ ದಿನಕ್ಕೊಂದು ವೇಷ ಹಾಕಿದರೆ ನನ್ನ ಮಟ್ಟಿಗೆ ಅದು ಮೊದಲು ರ‍್ಯಾಮ್, ಉಳಿದದ್ದೆಲ್ಲ ಆಮೇಲೆ.

ಹಳೆಯ ವಿಂಡೋಸ್‌ನಲ್ಲಿ ಏಕೆ ಕಾಣಲಿಲ್ಲ? ಕೆಟ್ಟ ಕೋಶ (ಒಂದು ಬಿಟ್, ಅಂದರೆ 0 ಅಥವಾ 1, ಹಿಡಿದಿಡುವ ಮೆಮೊರಿಯ ಪುಟ್ಟ ಜಾಗ) ಆಗಲೂ ಅಲ್ಲೇ ಇದ್ದಿರಬಹುದು. ಆ ವಿಳಾಸದಲ್ಲಿ ಆಗ ಒಂದು ಚಿತ್ರದ ತುಣುಕು ಕೂತಿದ್ದರೆ ಒಂದು ಚುಕ್ಕಿಯ ಬಣ್ಣ ಬದಲಾಗುತ್ತದೆ, ಯಾರೂ ಗಮನಿಸುವುದಿಲ್ಲ. ಹೊಸ ವ್ಯವಸ್ಥೆ ಮೆಮೊರಿಯನ್ನು ಬೇರೆ ರೀತಿ ಹಂಚುತ್ತದೆ, ಹೆಚ್ಚು ಭಾಗವನ್ನು ಬಳಸುತ್ತದೆ. ಅದೇ ಜಾಗಕ್ಕೆ ಕರ್ನೆಲ್ಲಿನ (ವಿಂಡೋಸ್ ತಿರುಳಿನ) ದತ್ತಾಂಶ ಬಂದು ಕೂತಾಗ ಒಂದು ಬಿಟ್ ತಪ್ಪಿದರೂ ಇಡೀ ಯಂತ್ರ ಬೀಳುತ್ತದೆ. ಹಳೆಯದಕ್ಕೆ ಹಿಂತಿರುಗಲು 10 ದಿನಗಳ ಅವಕಾಶ ಇದ್ದೇ ಇದೆ. ಆದರೆ ಹಿಂತಿರುಗಿದ್ದರೆ ರೋಗ ಮರೆಯಾಗುತ್ತಿತ್ತೇ ಹೊರತು ಹೋಗುತ್ತಿರಲಿಲ್ಲ.

ವಿಂಡೋಸ್‌ನ ಸ್ವಂತ ಮೆಮೊರಿ ಡಯಾಗ್ನಾಸ್ಟಿಕ್ ಸ್ಟ್ಯಾಂಡರ್ಡ್ ಪರೀಕ್ಷೆಯಲ್ಲಿ ದೋಷವಿಲ್ಲ ಎಂದಿತು. ಎಫ್1 ಒತ್ತಿ ಎಕ್ಸ್‌ಟೆಂಡೆಡ್ ಆರಿಸಬಹುದು, ಆದರೂ ಅದರ 'ಇಲ್ಲ' ಎಂಬ ಮಾತನ್ನು ಪೂರ್ತಿ ನಂಬಲಾಗದು. ಪೆನ್‌ಡ್ರೈವ್‌ಗೆ ಮೆಮ್‌ಟೆಸ್ಟ್86+ ಎಂಬ ಮೆಮೊರಿ ಪರೀಕ್ಷಕ ಹಾಕಿ ಅದರಿಂದಲೇ ಬೂಟ್ ಮಾಡುವುದು ಒಳ್ಳೆಯದು. ಸೆಕ್ಯೂರ್ ಬೂಟ್ (ಸಹಿಯಿಲ್ಲದ ತಂತ್ರಾಂಶದಿಂದ ಬೂಟ್ ಆಗದಂತೆ ತಡೆಯುವ ಕಾವಲು) ಅಡ್ಡಬಂದರೆ ಬೋರ್ಡಿನ ಸೆಟ್ಟಿಂಗ್ ಆದ ಬಯೋಸ್‌ನಲ್ಲಿ ತಾತ್ಕಾಲಿಕವಾಗಿ ಆಫ್ ಮಾಡಬೇಕಾಗುತ್ತದೆ. ಅದಕ್ಕೆ ಮುಂಚೆ ಡ್ರೈವ್ ಎನ್‌ಕ್ರಿಪ್ಟ್ ಆಗಿದೆಯೇ ನೋಡಿ: ಬಿಟ್‌ಲಾಕರ್ ಇದ್ದರೆ ಮುಂದಿನ ಬೂಟಿನಲ್ಲಿ 48 ಅಂಕಿಯ ರಿಕವರಿ ಕೀ ಕೇಳೀತು. ಅದು ಕೈಯಲ್ಲಿಲ್ಲದೆ ಬಯೋಸ್ ಮುಟ್ಟಿದರೆ ರ‍್ಯಾಮ್ ರಿಪೇರಿಗೆ ಹೋಗಿ ಡೇಟಾವನ್ನೇ ಕಳೆದುಕೊಂಡಂತಾಗುತ್ತದೆ. ಮೆಮೊರಿಯನ್ನು ನಿಗದಿಗಿಂತ ವೇಗವಾಗಿ ಓಡಿಸುವ ಎಕ್ಸ್‌ಎಂಪಿ ಆನ್ ಇದ್ದರೆ ಅದನ್ನೂ ಆಫ್ ಮಾಡಿ ಪರೀಕ್ಷಿಸಬೇಕು. ಓವರ್‌ಕ್ಲಾಕಿನ ತಪ್ಪನ್ನು ಚಿಪ್ಪಿನ ಮೇಲೆ ಹೊರಿಸಬಾರದು.

ಮೊದಲ ಪಾಸ್ (ಪರೀಕ್ಷೆಯ ಒಂದು ಸುತ್ತು) ಚುಟುಕಾದದ್ದು, ಅದನ್ನು ನೋಡಿ ಏಳಬೇಡಿ. ಕನಿಷ್ಠ ನಾಲ್ಕು ಪಾಸ್ ಆಗಲಿ, ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. ಬಿಸಿಯಾದ ಮೇಲೆ ಮಾತ್ರ ತಪ್ಪುವ ಚಿಪ್ಪುಗಳಿವೆ. ಇಲ್ಲಿ ಎರಡನೇ ಪಾಸಿನಲ್ಲಿ ಕೆಂಪು ಸಾಲು ಬಂತು: ವಿಳಾಸ 94731528 (ಹೆಕ್ಸ್, ಅಂದರೆ 16ರ ಎಣಿಕೆಯಲ್ಲಿ). ಮತ್ತೆ ಮತ್ತೆ ಅದೇ ವಿಳಾಸ, ಬರೆದದ್ದಕ್ಕೂ ಓದಿದ್ದಕ್ಕೂ ಒಂದೇ ಬಿಟ್ ವ್ಯತ್ಯಾಸ. ಹಾಗಿದ್ದರೆ ಕೋಶವೇ ಹೋಗಿದೆ ಎಂದು ಅರ್ಥ. ಕಾಂಟ್ಯಾಕ್ಟ್ ಅಥವಾ ಸ್ಲಾಟ್ ಕೆಟ್ಟಿದ್ದರೆ ದೋಷಗಳು ಸಾವಿರಗಟ್ಟಲೆ, ಎಲ್ಲೆಂದರಲ್ಲಿ ಬರುತ್ತವೆ.

ವಿಳಾಸ ನೋಡಿ ಇದು ಯಾವ ಸ್ಟಿಕ್ ಎಂದು ಹೇಳಲಾಗದು. ಎರಡು ಚಾನೆಲ್ (ಸ್ಟಿಕ್ಕುಗಳಿಗೆ ಹೋಗುವ ದಾರಿ) ಇರುವಾಗ ಮೆಮೊರಿ ಕಂಟ್ರೋಲರ್ ವಿಳಾಸಗಳನ್ನು ಎರಡಕ್ಕೂ ಹೆಣೆದು ಹಂಚುತ್ತದೆ. ಒಂದೊಂದನ್ನೇ ಇಟ್ಟು ನೋಡುವುದೇ ದಾರಿ. ಪ್ಲಗ್ ಕಿತ್ತು, ಪವರ್ ಬಟನ್ 10-15 ಸೆಕೆಂಡ್ ಒತ್ತಿಹಿಡಿದು, ಕ್ಯಾಬಿನೆಟ್ಟಿನ ಲೋಹ ಮುಟ್ಟಿ ಸ್ಟಿಕ್ ತೆಗೆಯಬೇಕು. ರಸ್ತೆ ಬದಿಯ ಅಂಗಡಿ, ಸ್ಲಾಟಿನಲ್ಲಿ ಧೂಳು ಸಾಕಷ್ಟಿತ್ತು. ಬ್ಲೋವರ್ ಹಿಡಿದು, ಚಿನ್ನದ ಪಟ್ಟಿಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದ್ದಾಯಿತು. ಎಲ್ಲರೂ ರಬ್ಬರ್ ಉಜ್ಜುತ್ತಾರೆ, ಪುಡಿ ಸ್ಲಾಟಿಗೆ ಬೀಳುವುದು ಯಾರಿಗೂ ಕಾಣುವುದಿಲ್ಲ. ಕೂರಿಸುವಾಗ ಕ್ಲಿಪ್ ಟಕ್ ಎನ್ನುವವರೆಗೆ ಒತ್ತಬೇಕು. ಸ್ಟಿಕ್ ಬದಲಿಸಿದ ಮೇಲಿನ ಮೊದಲ ಬೂಟಿನಲ್ಲಿ ಪರದೆ ಕೆಲಹೊತ್ತು ಕಪ್ಪಾಗಿದ್ದರೆ ಗಾಬರಿ ಬೇಡ, ಬೋರ್ಡು ಮೆಮೊರಿಯನ್ನು ಹೊಂದಿಸಿಕೊಳ್ಳುತ್ತಿರುತ್ತದೆ.

8 ಜಿಬಿ ಸ್ಟಿಕ್ ಎರಡೂ ಸ್ಲಾಟಿನಲ್ಲಿ ಶುದ್ಧ. 4 ಜಿಬಿಯದು ಎರಡರಲ್ಲೂ ತಪ್ಪಿತು. ಅಂದರೆ ಬೋರ್ಡು, ಪ್ರೊಸೆಸರ್ ಎರಡೂ ಅಪರಾಧಿಗಳಲ್ಲ.

ಬಿಸಿಡಿಎಡಿಟ್ ಆಜ್ಞೆಯಿಂದ ಕೆಟ್ಟ ಪುಟವನ್ನು ವಿಂಡೋಸ್ ಬಳಸದಂತೆ ಪಟ್ಟಿಗೆ ಸೇರಿಸಬಹುದು. ಪುಟದ (ವಿಂಡೋಸ್ ಮೆಮೊರಿಯನ್ನು ಹಂಚುವ ತುಂಡಿನ) ಅಳತೆ 4 ಕೆಬಿ, ಆದ್ದರಿಂದ ಹೆಕ್ಸ್ ವಿಳಾಸದ ಕೊನೆಯ ಮೂರು ಅಂಕಿ ಬಿಟ್ಟು 0x94731 ಎಂದು ಕೊಟ್ಟರೆ ಸಾಕು. ಬೆಸುಗೆ ಹಾಕಿದ ರ‍್ಯಾಮ್ ಇರುವ ಲ್ಯಾಪ್‌ಟಾಪಿಗೆ ಸರಿ. ದುಡಿಯುವ ಅಂಗಡಿಯ ಡೆಸ್ಕ್‌ಟಾಪಿಗೆ ಬೇಡ. ಒಂದು ಕೋಶ ಹೋದ ಚಿಪ್ಪಿನಲ್ಲಿ ಪಕ್ಕದ್ದೂ ಹೋಗಬಹುದು. ಬದಲಿಗೆ 8 ಜಿಬಿ, 2666 ವೇಗದ ಸ್ಟಿಕ್ ಹಾಕಿದ್ದಾಯಿತು. ಈ ಪ್ರೊಸೆಸರಿನಲ್ಲಿ ಅದು 2400ಕ್ಕೇ ಓಡುತ್ತದೆ, ಅದು ದೋಷವಲ್ಲ.

ಬ್ಯಾಕಪ್ ತೆಗೆಯಬೇಕಾದದ್ದು ಕೆಟ್ಟ ಸ್ಟಿಕ್ ಹೊರಬಂದ ಮೇಲೆ. ಕೆಟ್ಟ ರ‍್ಯಾಮ್ ದಾಟಿ ಹೋದ ನಕಲು ನಂಬಿಕೆಗೆ ಅರ್ಹವಲ್ಲ. ಡಿಐಎಸ್‌ಎಂ, ಎಸ್‌ಎಫ್‌ಸಿ ಇನ್ನೊಮ್ಮೆ ಓಡಿದವು, ಈ ಸಲ ರಿಪೇರಿ ನಿಂತಿತು. ಆ ಅವಧಿಯಲ್ಲಿ ಸೇವ್ ಮಾಡಿದ ಪತ್ರಿಕೆಗಳನ್ನು ಒಂದೊಂದಾಗಿ ತೆರೆದು, ಮುಹೂರ್ತದ ಸಮಯ, ಹೆಸರು, ಫೋಟೋ ಸರಿಯಿವೆಯೇ ಎಂದು ಗಿರಾಕಿ ಕೊಟ್ಟ ಚೀಟಿಯೊಂದಿಗೆ ತಾಳೆ ನೋಡುವ ಕೆಲಸ ಅಂಗಡಿಯ ಹುಡುಗರ ಪಾಲಿಗೆ ಉಳಿಯಿತು.