ಎಕ್ಸ್‌ರೇ ನಾರ್ಮಲ್, ಆದರೂ ಬೆಳಗಿನ ಜಾವ ಬೆನ್ನು ಹಿಡಿಯುವುದೇಕೆ?

ತೀರ್ಥಹಳ್ಳಿಯವರು ಕೇಳಲಿ, ಸಾಗರದವರು ಕೇಳಲಿ, ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಹುಡುಗನಿಗೆ ಇನ್ನೂ ಇಪ್ಪತ್ತೈದು. ಬೆಳಿಗ್ಗೆ ಏಳೋಕೇ ಆಗಲ್ಲ ಅಂತಾನೆ, ಹತ್ತು ಗಂಟೆ ಹೊತ್ತಿಗೆ ಸರಿಹೋಗ್ತಾನೆ. ಎಕ್ಸ್‌ರೇಲಿ ಏನೂ ಇಲ್ಲ. ಮಳೆಗಾಲದ ಥಂಡಿಗೆ ಹೀಗಾಗುತ್ತಾ?’

ಥಂಡಿಗೆ ಬಿಗಿತ ಹೆಚ್ಚಿದಂತೆ ಅನ್ನಿಸಬಹುದು, ಕಾಯಿಲೆ ಹುಟ್ಟುವುದು ಥಂಡಿಯಿಂದಲ್ಲ. ನೋವು ಇಳಿಯುವುದು ಮಲಗಿದರೋ, ಓಡಾಡಿದರೋ? ಮೊದಲು ಅದನ್ನು ನೋಡಿ. ಅಡಿಕೆ ಮೂಟೆ ಎತ್ತಿ ಹಿಡಿದುಕೊಂಡ ಸೊಂಟ ಮಲಗಿದರೆ ಹಗುರಾಗುತ್ತದೆ. ಉರಿಯೂತದ ಬೆನ್ನುನೋವು ತದ್ವಿರುದ್ಧ. ರಾತ್ರಿ ಎರಡು-ಮೂರು ಗಂಟೆಗೆ ಎಬ್ಬಿಸುತ್ತದೆ, ಎದ್ದು ಅರ್ಧ ಗಂಟೆ ಕಳೆದರೂ ಬಿಡುವುದಿಲ್ಲ, ಕೆಲಸಕ್ಕಿಳಿದ ಮೇಲೆ ಸಡಿಲವಾಗುತ್ತದೆ. ಈ ವಾರ ಎಡ ಪೃಷ್ಠ, ಮುಂದಿನ ವಾರ ಬಲ. 45 ವರ್ಷದೊಳಗೆ ಶುರುವಾಗಿ ಮೂರು ತಿಂಗಳು ದಾಟಿದರೆ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ (ಉರಿಯೂತದಿಂದ ಬೆನ್ನುಮೂಳೆ ಬಿಗಿದು, ಕ್ರಮೇಣ ಬೆಸೆದುಕೊಳ್ಳಬಹುದಾದ ಕಾಯಿಲೆ) ಇದೆಯೇ ಎಂದು ನೋಡಲೇಬೇಕು. (ವಯಸ್ಸಾದವರ ಕತ್ತಿನ ಸವೆತ ಸ್ಪಾಂಡಿಲೋಸಿಸ್ ಬೇರೆ. ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆಯೂ ಬೇರೆ. ಅದು ವಂಶವಾಹಿಯಿಂದ ಬರುವ ಮೂಳೆ ಬೆಳವಣಿಗೆಯ ದೋಷ, ಉರಿಯೂತವಲ್ಲ.)

ಉರಿಯೂತ ಸಾಮಾನ್ಯವಾಗಿ ಮೊದಲು ಹಿಡಿಯುವುದು ಬೆನ್ನುಮೂಳೆಯ ಬುಡ ಸೊಂಟಕ್ಕೆ ಸೇರುವ ಸ್ಯಾಕ್ರೋಇಲಿಯಾಕ್ ಕೀಲನ್ನು. ಎಕ್ಸ್‌ರೇಗೆ ಕಾಣುವುದು ಅದು ಮಾಡಿಟ್ಟ ಹಾನಿ ಮಾತ್ರ. ಆ ಹಾನಿ ಕಾಣಿಸಿಕೊಳ್ಳಲು ವರ್ಷಗಳೇ ಹಿಡಿಯಬಹುದು. ಎಂಆರ್‌ಐ ಮಾಡಿಸುವಾಗಲೂ ಬರೀ ಡಿಸ್ಕ್ ನೋಡಿದರೆ ದುಡ್ಡು ದಂಡ. ಆ ಕೀಲುಗಳನ್ನೇ, ಉರಿಯೂತವನ್ನು ಎತ್ತಿ ತೋರಿಸುವ ‘ಸ್ಟರ್’ (STIR) ಚಿತ್ರಗಳ ಸಮೇತ ತೆಗೆಸಬೇಕು. ಉರಿಯೂತ ಅಳೆಯುವ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ಎಷ್ಟೋ ಜನರಲ್ಲಿ ಸರಿಯಾಗೇ ಇರುತ್ತವೆ. ಈ ಕಾಯಿಲೆಗೆ ನಂಟಿರುವ ವಂಶವಾಹಿ ಎಚ್‌ಎಲ್‌ಎ-ಬಿ27 ಪಾಸಿಟಿವ್ ಬಂದವರಲ್ಲಿ ಹೆಚ್ಚಿನವರಿಗೆ ಈ ಕಾಯಿಲೆ ಬರುವುದೇ ಇಲ್ಲ, ನೆಗೆಟಿವ್ ಎಂದ ಮಾತ್ರಕ್ಕೆ ಇಲ್ಲವೆನ್ನಲೂ ಆಗದು.

ಮಾತ್ರೆಯಲ್ಲಿ ಆಗುವ ದೊಡ್ಡ ತಪ್ಪು, ನೋವು ಬಂದ ದಿನ ಒಂದು ನುಂಗಿ ‘ಕೆಲಸ ಮಾಡ್ಲಿಲ್ಲ’ ಎನ್ನುವುದು. ಉರಿಯೂತ ಇಳಿಸುವ ನೋವಿನ ಮಾತ್ರೆ ನಪ್ರೊಕ್ಸೆನ್ ಆದರೆ 500 ಮಿಲಿಗ್ರಾಂ ದಿನಕ್ಕೆರಡು ಸಲ, ಊಟದ ಮೇಲೆ, ಎರಡರಿಂದ ನಾಲ್ಕು ವಾರ ಬಿಡದೆ ತೆಗೆದುಕೊಂಡು ನೋಡಬೇಕು. ಹುಣ್ಣು, ಕಿಡ್ನಿ, ಹೃದಯದ ತೊಂದರೆ ಇದೆಯೇ ಎಂದು ವೈದ್ಯರು ನೋಡಿದ ಮೇಲೆಯೇ ಇದು. ಇಂಥ ಎರಡು ಬೇರೆ ಬೇರೆ ನೋವಿನ ಮಾತ್ರೆಗೂ ಬಗ್ಗದಿದ್ದರೆ ಅಡಾಲಿಮುಮ್ಯಾಬ್‌ನಂಥ ಚುಚ್ಚುಮದ್ದು: 40 ಮಿಲಿಗ್ರಾಂ, ಎರಡು ವಾರಕ್ಕೊಮ್ಮೆ. ಅದಕ್ಕೂ ಮೊದಲು ಕ್ಷಯ, ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು. ಮೈಯೊಳಗೆ ಅಡಗಿ ಕೂತ ಕ್ಷಯವನ್ನು ಈ ಔಷಧಿ ಎಬ್ಬಿಸಿಬಿಡಬಹುದು. ಸಲ್ಫಸಲಜೀನ್ ಮಾತ್ರೆ ಮಂಡಿ, ಕಣಕಾಲಿನಂಥ ಕೀಲುಗಳ ಊತಕ್ಕೆ ಉಪಯೋಗ, ಬೆನ್ನಿಗಲ್ಲ. ಥಟ್ಟನೆ ಆರಾಮ ಕೊಡುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟಿರಾಯ್ಡ್ ಇರಬಹುದು, ಜೋಕೆ.

‘ರೆಸ್ಟ್ ತಗೊಳ್ಳಿ’ ಅನ್ನುವುದು ಈ ಬೆನ್ನಿಗೆ ಕೆಟ್ಟ ಸಲಹೆ. ಬಿಸಿನೀರು ಹುಯ್ದುಕೊಂಡ ಮೇಲೆ ಮೈ ಬಗ್ಗುತ್ತದೆ, ವ್ಯಾಯಾಮಕ್ಕೆ ಅದೇ ಹೊತ್ತು. ಹಿಮ್ಮಡಿ, ಪೃಷ್ಠ, ಹೆಗಲು ಗೋಡೆಗೆ ತಾಗಿಸಿ ನಿಂತು, ಗಲ್ಲ ಎತ್ತದೆ ತಲೆ ಹಿಂಭಾಗವನ್ನೂ ತಾಗಿಸಿ. ತಾಗದಿದ್ದರೆ ಎಷ್ಟು ಸೆಂಟಿಮೀಟರ್ ಉಳಿಯಿತೆಂದು ಅಳೆದು ತಿಂಗಳಿಗೊಮ್ಮೆ ಬರೆದಿಡಿ. ದಿನಾ ಹದಿನೈದು ನಿಮಿಷ ಬೋರಲು ಮಲಗಿ, ದಿಂಬು ತೆಳುವಾಗಿರಲಿ. ಪಕ್ಕೆಲುಬಿನ ಕೀಲುಗಳೂ ಬಿಗಿಯುವುದರಿಂದ ಆಳವಾಗಿ ಉಸಿರೆಳೆಯುವುದನ್ನು ಬಿಡಬಾರದು, ಬೀಡಿ ಸಿಗರೇಟನ್ನು ಬಿಡಲೇಬೇಕು. ಅಡಿಕೆ ಸುಲಿಯಲು ಕೂತರೆ ಅರ್ಧ ಗಂಟೆಗೊಮ್ಮೆ ಎದ್ದು ಅಂಗಳ ಸುತ್ತಿ ಬನ್ನಿ.

ಒಂದೇ ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ನೋಡಲಾಗದಿದ್ದರೆ ಅದನ್ನು ಮದ್ರಾಸ್ ಐ ಎಂದು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಅದು ಈ ಕಾಯಿಲೆಯ ಜೊತೆ ಬರುವ ಯುವೈಟಿಸ್ (ಕಣ್ಣೊಳಗಿನ ಉರಿಯೂತ) ಇರಬಹುದು, ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು.

ಹಳೆಯ ಕಾಯಿಲೆಯವರು ಮಳೆಗಾಲದ ಹಾವಸೆಗೆ ಹೆದರಬೇಕು. ಬೆಸೆದುಕೊಂಡ ಬೆನ್ನುಮೂಳೆ ಬಿದಿರಿನಂತೆ ಬಾಗುವುದಿಲ್ಲ, ಸೀಮೆಸುಣ್ಣದಂತೆ ಮುರಿಯುತ್ತದೆ. ಅಂಗಳದಲ್ಲಿ ಜಾರಿ ಬಿದ್ದು ಕತ್ತು ಅಥವಾ ಬೆನ್ನಿನಲ್ಲಿ ಹೊಸ ನೋವು ಬಂದರೆ ಉಳುಕು ತೆಗೆಸುವುದು, ನೀವಿಸುವುದು ಬೇಡವೇ ಬೇಡ. ಕತ್ತು ಮೊದಲಿನಿಂದ ಬಾಗಿದ್ದರೆ ಹಾಗೇ ಬಿಟ್ಟು, ತಲೆಯಡಿ ಬಟ್ಟೆ ಒತ್ತುಕೊಟ್ಟು ಸಾಗಿಸಿ. ನೇರ ಮಾಡಲು ಹೋದರೆ ಬೆನ್ನುಹುರಿಗೇ ಪೆಟ್ಟು. ಆಸ್ಪತ್ರೆಯಲ್ಲಿ ‘ಎಕ್ಸ್‌ರೇ ನಾರ್ಮಲ್’ ಎಂದರೆ ಅಲ್ಲಿಗೇ ಬಿಡದೆ, ಕಾಯಿಲೆಯ ಹೆಸರು ಹೇಳಿ ಸಿಟಿ ಸ್ಕ್ಯಾನ್ ಕೇಳಿ.